ರಾಗಿ ಕಾಲು ಚಾಚಿದ್ದೇಕೆ

ವಿಜಯವಾಡದ ಆ ಅಪಾರ್ಟ್‌ಮೆಂಟಿಗೆ ಬಂದು ವರ್ಷ ತುಂಬುವ ಮೊದಲೇ ತುಳಸಿಗೆ ‘ಎಂದುಕಮ್ಮ’ ಎಂಬ ಹೆಸರು ಬಿದ್ದಿತ್ತು. ತೆಲುಗಿನಲ್ಲಿ ‘ಎಂದುಕು’ ಅಂದರೆ ‘ಯಾಕೆ’. ಹಾವೇರಿಯ ಈ ಹೆಣ್ಣುಮಗಳು ಕಲಿತ ಮೊದಲ ತೆಲುಗು ಮಾತೇ ಅದು, ಅತಿ ಹೆಚ್ಚು ಸವೆಸಿದ ಮಾತೂ ಅದೇ. ನೀರಿನ ಟ್ಯಾಂಕರು ಆ ಬ್ಲಾಕಿಗೆ ಮೊದಲು ಯಾಕೆ ಹೋಗುತ್ತದೆ? ಗೋಂಗೂರ ಸೊಪ್ಪಿನ ಕಾಂಡ ಒಂದು ಕಟ್ಟಿನಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು, ಯಾಕೆ? ಲಿಫ್ಟು ಮಂಗಳವಾರವೇ ಯಾಕೆ ಕೆಡುತ್ತದೆ? ಸೊಂಟದ ಮೇಲೆ ಹಾಲುಗೂಸು ಸುಮುಖನನ್ನು ಕೂರಿಸಿಕೊಂಡು, ನಾಲ್ಕು ವರ್ಷದ ಮಗಳು ಧನ್ಯಾಳ ಕೈ ಹಿಡಿದು ಅವಳು ಬರುವುದು ಕಂಡರೆ ವಾಚ್‌ಮನ್ ಮೊದಲೇ ಉತ್ತರ ಹುಡುಕಲು ಶುರು ಮಾಡುತ್ತಿದ್ದ.

ಗಂಡ ಲಿಂಗರಾಜು ಬ್ಯಾಂಕ್ ಅಧಿಕಾರಿ. ಮಾತು ಕಮ್ಮಿ, ಟ್ರಾನ್ಸ್‌ಫರ್ ಜಾಸ್ತಿ. ಮೊದಲು ವಿಶಾಖಪಟ್ಟಣ, ಆಮೇಲೆ ಇಲ್ಲಿ. ಕರ್ನಾಟಕದಿಂದ ಬಂದ ಬ್ಯಾಂಕಿನವರಲ್ಲಿ ಒಂದು ಪದ್ಧತಿಯಿದೆ, ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಯಾರೂ ತಪ್ಪಿಸುವುದಿಲ್ಲ. ಹೋಗುವವರು ಬರುವವರಿಗೆ ಆಫೀಸಿನ ಚಾರ್ಜ್ ಕೊಟ್ಟಂತೆ ಮನೆಯ ಚಾರ್ಜನ್ನೂ ಕೊಡುತ್ತಾರೆ. ಗ್ಯಾಸ್ ಒಲೆ, ಮಂಚ, ಪರದೆ ಸರಳು, ನೀರಿನ ಡ್ರಮ್ಮು, ಹಾಲಿನವನ ನಂಬರು, ಕನ್ನಡ ಅರ್ಥವಾಗುವ ಕೆಲಸದವಳು. ಕೊಡುವಾಗ ಹೇಳುವ ಮಾತು ಒಂದೇ: “ಏನೂ ತೊಂದರೆ ಇಲ್ಲ, ಕಣ್ಣು ಮುಚ್ಚಿಕೊಂಡು ತಗೊಳ್ಳಿ.” ಫ್ರಿಜ್ಜಿನ ಬಾಗಿಲಿಗೆ ಮೊಣಕಾಲಿನಿಂದ ಗುದ್ದಬೇಕು ಎಂಬುದು ಕೊಟ್ಟವರ ಲಾರಿ ಊರು ದಾಟಿದ ಮೇಲಷ್ಟೇ ತಿಳಿಯುತ್ತದೆ. ಅದಕ್ಕೆ ಯಾರೂ ಜಗಳವಾಡುವುದಿಲ್ಲ, ತಾವು ಹೊರಡುವಾಗ ಮುಂದಿನವರಿಗೂ ಅದನ್ನೇ ಹೇಳುತ್ತಾರೆ. ತುಳಸಿಯೂ ವಿಶಾಖಪಟ್ಟಣ ಬಿಡುವಾಗ ತನ್ನ ವಾಷಿಂಗ್ ಮಶೀನು ಬಟ್ಟೆ ಹಿಂಡುವಾಗ ಬಚ್ಚಲಿನಿಂದ ಅಡುಗೆಮನೆಯವರೆಗೆ ನಡೆದುಕೊಂಡು ಬರುತ್ತದೆ ಎಂಬುದನ್ನು ಬಾಯಿ ಬಿಟ್ಟಿರಲಿಲ್ಲ.

ವಿಶಾಖಪಟ್ಟಣದ ಆ ಮನೆಯ ಚಾರ್ಜಿನಲ್ಲಿ ಬಂದವಳೇ ರಾಗಿ. ಹುರಿದ ರಾಗಿಯ ಬಣ್ಣದ ದೊಡ್ಡ ನಾಯಿ. ತಾಯಿಯ ಕಡೆಯಿಂದ ಯಾವುದೋ ಬೇಟೆ ನಾಯಿ, ತಂದೆಯ ಕಡೆಯಿಂದ ಬೀದಿ ಎಂದು ನೋಡಿದವರು ಅಂದಾಜು ಮಾಡುತ್ತಿದ್ದರು. ಅವಳನ್ನು ಮರಿಯಿಂದ ಸಾಕಿದವರು ಮೈಸೂರು ಕಡೆಯ ಸುಬ್ರಹ್ಮಣ್ಯ ಮತ್ತು ಗಿರಿಜಾ. ಅವರಿಂದ ಉಡುಪಿಯ ಅರವಿಂದ ಮತ್ತು ಜಲಜಾ, ಅವರಿಂದ ತುಳಸಿ. ಹೀಗಾಗಿ ರಾಗಿಗೆ ಮೂರು ಜಿಲ್ಲೆಯ ಕನ್ನಡ ಬರುತ್ತಿತ್ತು. “ಬಾರೇ ಪುಟ್ಟಿ” ಅಂದರೂ ಬರುತ್ತಿದ್ದಳು, “ಬಾ ಮಾರಾಯ್ತಿ” ಅಂದರೂ ಬರುತ್ತಿದ್ದಳು, “ಬರ್ತೀಯೋ ಇಲ್ಲೋ” ಅಂದರೆ ಓಡಿ ಬರುತ್ತಿದ್ದಳು. ತೆಲುಗಿನಲ್ಲಿ ಕರೆದರೆ ಮಾತ್ರ ಕಿವಿ ಅಲ್ಲಾಡುತ್ತಿರಲಿಲ್ಲ. ಧನ್ಯಾ ಇದಕ್ಕೆ ತದ್ವಿರುದ್ಧ. ಶಾಲೆಗೆ ಸೇರಿದ ಮೇಲೆ ಅವಳ ಬಾಯಲ್ಲಿ ಕನ್ನಡ ಬತ್ತತೊಡಗಿತ್ತು. ಆದರೆ ನಾಯಿಗೆ ತಿಳಿಯಬೇಕಲ್ಲ ಎಂದು ಅದರೊಡನೆ ಮಾತ್ರ ಕನ್ನಡವನ್ನೇ ಆಡುತ್ತಿದ್ದಳು. ವಿಜಯವಾಡಕ್ಕೆ ಹೊರಡುವಾಗ ಆ ಮನೆಗೆ ಬಂದವರು ಮಶೀನು ತಗೊಂಡರು, ನಾಯಿ ಬೇಡವೆಂದರು. ಪದ್ಧತಿ ಮುರಿದು ರಾಗಿ ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮೂಗು ಒತ್ತಿ ತುನಿ, ರಾಜಮಂಡ್ರಿ ದಾಟಿ ಬಂದಳು. ಆಗಲೇ ಅವಳ ಮೂತಿ ನರೆತಿತ್ತು.

ಬೇಸಿಗೆ ಇನ್ನೂ ಬಲಿಯುತ್ತಿದ್ದ ಒಂದು ಬೆಳಿಗ್ಗೆ ಧನ್ಯಾ ನಾಯಿಯ ಹಲ್ಲಿನ ಡಾಕ್ಟರ್ ಆಟ ಆಡುತ್ತಿದ್ದಳು. ರಾಗಿಯ ತುಟಿ ಎತ್ತಿ, ಪ್ಲಾಸ್ಟಿಕ್ ಚಮಚದಿಂದ ಹಲ್ಲು ತಟ್ಟಿ, ಒಮ್ಮೆಗೇ ಎದ್ದು ಅಡುಗೆಮನೆಗೆ ಬಂದಳು.

“ಅಮ್ಮಾ, ರಾಗಿ ಚಿಗುಳ್ಳು ತೆಲ್ಲಗಾ ಉನ್ನಾಯಿ.”

“ಕನ್ನಡದಾಗ ಹೇಳು.”

ಮಗು ತಡವರಿಸಿತು. ಒಸಡು ಎಂಬ ಮಾತು ಅದಕ್ಕೆ ಗೊತ್ತಿರಲಿಲ್ಲ. ತನ್ನ ತುಟಿ ಎತ್ತಿ ತೋರಿಸಿ, “ಇದು. ರಾಗೀದು ಬಿಳಿ. ಹಾಲಿನಂಗ,” ಎಂದಿತು.

ತುಳಸಿ ಬಂದು ನೋಡಿದಳು. ನಿಜವೇ. ಕರುವಿನ ನಾಲಿಗೆಯಂತೆ ಗುಲಾಬಿಯಾಗಿ ಇರುತ್ತಿದ್ದ ಒಸಡು ಸುಣ್ಣದ ಗೋಡೆಯಾಗಿತ್ತು. ಕಣ್ಣಿನ ಬಿಳಿಯಲ್ಲಿ ಸಣ್ಣ ಹಳದಿ. ನಿನ್ನೆ ಮೆಟ್ಟಿಲ ಮಧ್ಯೆ ನಿಂತುಬಿಟ್ಟಿದ್ದಳಲ್ಲ, ಬಿಸಿಲು ಎಂದುಕೊಂಡಿದ್ದೆ. ಬಾಲ್ಕನಿಯಲ್ಲಿ ಮಾಡಿದ ಮೂತ್ರ ಡಿಕಾಕ್ಷನ್ ಬಣ್ಣವಿತ್ತಲ್ಲ, ನೀರು ಕುಡಿದಿಲ್ಲ ಎಂದುಕೊಂಡಿದ್ದೆ. ಎಲ್ಲಕ್ಕೂ ಯಾಕೆ ಕೇಳುವವಳು ಇವೆರಡಕ್ಕೆ ಯಾಕೆ ಕೇಳಲಿಲ್ಲ ಎಂದು ಅವಳಿಗೇ ಸೋಜಿಗವಾಯಿತು.

ಲಿಂಗರಾಜು ಬ್ಯಾಂಕಿಗೆ ರಜೆ ಹೇಳಿ, ರಾಗಿಯನ್ನು ಎತ್ತಿ ಕಾರಿಗೆ ಹಾಕಿದ. ಪಶುವೈದ್ಯ ಸಾಯಿಕಿರಣ್ ಇನ್ನೂ ಎಳೆಯ ಹುಡುಗ, ಗಡ್ಡ ಬಿಟ್ಟು ವಯಸ್ಸು ಕೂಡಿಸಿಕೊಂಡಿದ್ದ. ಕುತ್ತಿಗೆಯಿಂದ ರಕ್ತ ತೆಗೆದು ಪರೀಕ್ಷೆ ಮಾಡಿದ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಉಪ್ಪುನೀರಿಗೆ ಬೆರೆಸಿ ಬೆಳಕಿಗೆ ಹಿಡಿದ. ತುಳಸಿ ಕತ್ತು ಚಾಚಿ ನೋಡಿದಳು. ರಕ್ತ ಹರಡಿರಲಿಲ್ಲ, ಒಡೆದ ಹಾಲಿನಂತೆ ಗರಣೆ ಗರಣೆಯಾಗಿತ್ತು.

“ನೋಡಿದಿರಾ? ಕಣಗಳು ಒಂದಕ್ಕೊಂದು ಅಂಟಿಕೊಂಡಿವೆ,” ಎಂದ ಸಾಯಿಕಿರಣ್. “ಮೈಯನ್ನು ಕಾಯಬೇಕಾದ ಕಾವಲುಗಾರರೇ ಸ್ವಂತ ಕೆಂಪು ಕಣಗಳನ್ನು ಪರಕೀಯ ಅಂತ ತಿಳಿದು ಒಡೆದು ಹಾಕ್ತಿದ್ದಾರೆ.”

“ಎಂದುಕು?”

“ಉಣ್ಣೆ ಕಡಿತದ ಜ್ವರದಿಂದ ಆಗಬಹುದು, ಯಾವುದಾದರೂ ಔಷಧಿಯಿಂದ ಆಗಬಹುದು. ಉಣ್ಣೆಯ ಪರೀಕ್ಷೆ ಮಾಡಿದೆ, ಅದಲ್ಲ. ಎಷ್ಟೋ ಸಲ ಯಾಕೆ ಅಂತ ನಮಗೂ ಗೊತ್ತಾಗಲ್ಲ ಮೇಡಂ.”

ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳಿದ ಡಾಕ್ಟರನ್ನು ತುಳಸಿ ಅಲ್ಲಿಯವರೆಗೆ ನೋಡಿರಲಿಲ್ಲ. ಅಲ್ಲಿಂದ ಮುಂದೆ ಅವಳಿಗೆ ಅವನ ಮೇಲೆ ನಂಬಿಕೆ ಬಂತು.

ಆ ಕಾವಲುಗಾರರನ್ನು ಸುಮ್ಮನಾಗಿಸುವ ಔಷಧಿ ಇದೆ, ಆದರೆ ಅದು ಕೆಲಸ ಶುರು ಮಾಡಲು ಕೆಲವು ದಿನ ಬೇಕು, ಅಷ್ಟು ದಿನ ತಡೆಯುವಷ್ಟು ರಕ್ತ ರಾಗಿಯ ಮೈಯಲ್ಲಿಲ್ಲ ಎಂದ. ಇವತ್ತೇ ಬೇರೆ ನಾಯಿಯ ರಕ್ತ ಕೊಡಬೇಕು. ಕೊಟ್ಟರೂ ಉಳಿದೇ ಉಳಿಯುತ್ತಾಳೆಂದು ಹೇಳಲಾಗದು, ವಯಸ್ಸಾಗಿದೆ.

ಲಿಂಗರಾಜು ಹೆಂಡತಿಯನ್ನು ಪಕ್ಕಕ್ಕೆ ಕರೆದ. “ವಯಸ್ಸಾಗೇತಿ ತುಳಸಿ. ಸುಮ್ನ ಯಾಕ ಹಿಂಸೆ ಕೊಡೂದು?”

“ಹಿಂಸೆ ಅಂತ ಅಕಿ ನಿಮ್ಮ ಮುಂದ ಬಂದು ಹೇಳ್ಯಾಳೇನು?”

“ನಿನ್ನ ಕೂಡ ಕೂಸು ಐತಿ. ಮ್ಯಾಲೆ ಇದು.”

“ಕೂಸು ಐತಿ ಅಂತನ ಹೇಳೂದು. ನಾಳೆ ಧನ್ಯಾ ಯಾಕ ಅಂತ ಕೇಳಿದ್ರ ನೀವ ಉತ್ತರ ಕೊಡ್ರಿ.”

ಲಿಂಗರಾಜು ಕೈಬಿಟ್ಟ. ಮಗಳು ಕೇಳುವ ಯಾಕೆಗಳೂ ತಾಯಿಯ ಅಚ್ಚಿನವೇ ಎಂದು ಅವನಿಗೆ ಗೊತ್ತಿತ್ತು.

ಸಾಯಿಕಿರಣ್ ರಾಗಿಯ ಕಾಲಿಗೆ ಸೂಜಿ ಕೂರಿಸಲು ಕೂದಲು ಬೋಳಿಸುವ ಯಂತ್ರ ಕೈಗೆತ್ತಿಕೊಂಡ. ಅದು ಗುಂಯ್ ಎಂದದ್ದೇ ತಡ, ಮೇಜಿನ ಮೇಲೆ ಚಾಪೆಯಂತೆ ಬಿದ್ದಿದ್ದ ರಾಗಿ ತಾನಾಗಿಯೇ ಬಲ ಮುಂಗಾಲನ್ನು ಮುಂದೆ ಚಾಚಿದಳು. ಮುಖವನ್ನು ಎಡಕ್ಕೆ ತಿರುಗಿಸಿ, ಏನೋ ಹುಡುಕುವಂತೆ ಗಾಳಿಯಲ್ಲಿ ಮೂಗು ಒತ್ತಿ, ಕಣ್ಣು ಮುಚ್ಚಿದಳು.

ಸಹಾಯಕ ನಕ್ಕ. “ಚಾಲ ಮಂಚಿ ಕುಕ್ಕ. ಒಳ್ಳೆ ನಾಯಿ ಅಮ್ಮಾ. ಬೇರೆಯವು ನಮ್ಮ ಕೈ ಕಚ್ತವೆ.”

ತುಳಸಿ ನಗಲಿಲ್ಲ. ರಾಗಿ ‘ಶೇಕ್ ಹ್ಯಾಂಡ್’ ಕೊಡುವ ನಾಯಿ ಅಲ್ಲ. ಧನ್ಯಾ ಎಷ್ಟು ಗೋಗರೆದರೂ ಕಾಲು ಮುಟ್ಟಲು ಬಿಡುತ್ತಿರಲಿಲ್ಲ, ಉಗುರು ಕತ್ತರಿಸುವುದೆಂದರೆ ಮನೆಯಲ್ಲಿ ಮೂರು ಜನರ ಕುಸ್ತಿ. ವರ್ಷಕ್ಕೊಂದು ಚುಚ್ಚುಮದ್ದು ಕುತ್ತಿಗೆಯ ಚರ್ಮಕ್ಕೆ ಹಾಕಿಸುತ್ತಿದ್ದರು. ಹಾಗಾದರೆ ಯಂತ್ರದ ಸದ್ದಿಗೆ ಮುಂಗಾಲು ಚಾಚಬೇಕೆಂದು ಇವಳಿಗೆ ಯಾರು ಕಲಿಸಿದರು?

“ಡಾಕ್ಟರ್, ಹಿಂದೆ ಯಾವಾಗಲಾದರೂ ಇವಳಿಗೆ ರಕ್ತ ಕೊಟ್ಟಿದ್ದರೆ?”

ಸಾಯಿಕಿರಣ್ ತಲೆ ಎತ್ತಿದ. “ಕೊಟ್ಟಿದ್ದರೆ ವಿಷಯ ಬೇರೆ. ಮೊದಲ ಸಲವಾದರೆ ನಾಯಿಗಳಿಗೆ ಬಹುಪಾಲು ಯಾವ ನಾಯಿಯ ರಕ್ತವಾದರೂ ನಡೆಯುತ್ತೆ. ಹಿಂದೆ ಕೊಟ್ಟಿದ್ದರೆ ಮೈ ಅದನ್ನು ನೆನಪಿಟ್ಟುಕೊಂಡಿರುತ್ತೆ. ಹೊಂದದ ರಕ್ತ ಹೋದರೆ ಇರೋ ಚೂರು ರಕ್ತವೂ ಕೈಬಿಡಬಹುದು. ನೀವೇ ಬರೆಸಿದ್ದೀರಲ್ಲ, ಹಿಂದೆ ಯಾವ ಕಾಯಿಲೆಯೂ ಇಲ್ಲ ಅಂತ?”

ಬರೆಸಿದ್ದಳು. ಜಲಜಾ ಹೇಳಿದ್ದನ್ನು ಹೇಳಿದ್ದಳು. ದಾನಿ ನಾಯಿ ದಾರಿಯಲ್ಲಿತ್ತು.

ಸುಮುಖನನ್ನು ಗಂಡನ ಕೈಗೆ ಕೊಟ್ಟು ತುಳಸಿ ಹೊರಗೆ ಬೇವಿನ ಮರದ ಕೆಳಗೆ ನಿಂತು ಜಲಜಾಗೆ ಫೋನು ಹಚ್ಚಿದಳು. ಜಲಜಾ ಈಗ ಕೊಚ್ಚಿಯಲ್ಲಿ.

“ರಾಗಿಗೆ ರಕ್ತವಾ? ನಮ್ಮಲ್ಲಿರುವಾಗ ಅವಳಿಗೆ ಒಂದು ಶೀತ ಸಹ ಬರ್ಲಿಲ್ಲ ಮಾರಾಯ್ತಿ! ನನಗೇ ಜ್ವರ ಬರ್ತಿದ್ದದ್ದು, ಅವಳು ಮಂಚದ ಕೆಳಗೆ ಕೂತು ನೋಡ್ತಿದ್ಲು.”

“ಗಿರಿಜಾ ಅವರು ಕೊಡೂವಾಗ ಏನರ ಹೇಳಿದ್ರೇನ್ರಿ?”

“ಅದೇ, ಎಲ್ಲರೂ ಹೇಳುವುದು. ಏನೂ ತೊಂದರೆ ಇಲ್ಲ ಅಂತ. ಅವರ ಗ್ರೈಂಡರಿಗೂ ಅದನ್ನೇ ಹೇಳಿದ್ರು, ಹಚ್ಚಿದ ಮೊದಲ ದಿನವೇ ಹೊಗೆ ಬಂತು. ನಿಲ್ಲಿ, ನಂಬರ್ ಕಳಿಸ್ತೇನೆ. ಅವರು ಈಗ ವೈಜಾಗಲ್ಲೇ ಇದ್ದಾರೆ, ರಿಟೈರಾದ ಮೇಲೆ ಅಲ್ಲೇ ಮನೆ ಮಾಡಿದ್ದಾರೆ. ಮಗ ಋಷಿಕೊಂಡದಲ್ಲಿ ಕೆಲಸ.”

ಗಿರಿಜಾಳ ದನಿ ಮೆದು, ಬೆಣ್ಣೆಯಲ್ಲಿ ಅದ್ದಿದಂತೆ. ರಾಗಿಯ ಹೆಸರು ಹೇಳಿದ್ದೇ ತಡ, “ಅಯ್ಯೋ, ನಮ್ಮ ಪುಟ್ಟೀನಾ? ಚಿನ್ನದಂಥ ನಾಯಿ ಕಣಮ್ಮ. ಹೇಗಿದಾಳೆ?” ಎಂದಳು. ತುಳಸಿ ಇದ್ದದ್ದನ್ನು ಇದ್ದಂತೆ ಹೇಳಿ, ಹಿಂದೆ ರಕ್ತ ಹಾಕಿಸಿದ್ದಿರೇನು ಎಂದು ಕೇಳಿದಳು.

“ರಕ್ತಾನಾ? ಛೆ ಛೆ. ಅಂಥದ್ದೇನೂ ಇಲ್ಲಮ್ಮ. ಏನೂ ತೊಂದರೆ ಇರ್ಲಿಲ್ಲ ಅವಳಿಗೆ.”

ಆ ಕೊನೆಯ ಮಾತಿನ ರಾಗ ತುಳಸಿಗೆ ಪರಿಚಿತ. ವಾಷಿಂಗ್ ಮಶೀನಿನ ಬಗ್ಗೆ ತಾನೂ ಇದೇ ರಾಗದಲ್ಲಿ ಹೇಳಿದ್ದಳು. ಗದ್ದಲ ಮಾಡಿದರೆ ಈ ಹೆಂಗಸು ಫೋನು ಇಟ್ಟುಬಿಡುತ್ತಾಳೆ. ಬೇರೆ ಕಡೆಯಿಂದ ಕೇಳಿದಳು.

“ಹೋಗ್ಲಿ ಬಿಡ್ರಿ ಅಕ್ಕಾರ. ಇನ್ನೊಂದು ಕೇಳ್ತೀನಿ. ಇಲ್ಲಿ ಆ ಕೂದಲಾ ಬೋಳಿಸೂ ಯಂತ್ರ ಹಚ್ಚಿದ ಕೂಡ್ಲೆ ಅಕಿ ತಾನಾಗೇ ಬಲಗಾಲು ಮುಂದ ಚಾಚಿದ್ಲು. ಮುಖಾ ಎಡಕ್ಕ ತಿರುಗಿಸಿ ಏನೋ ಹುಡುಕಿದಂಗ ಮಾಡಿದ್ಲು. ಯಾಕ್ರಿ?”

ವಿಶಾಖಪಟ್ಟಣದ ಯಾವುದೋ ಬೀದಿಯಲ್ಲಿ ಮೀನು ಮಾರುವವಳು ಕೂಗಿಕೊಂಡು ಹೋದದ್ದು ಫೋನಿನಲ್ಲಿ ಕೇಳಿಸಿತು.

“ಈಗಲೂ ಚಾಚ್ತಾಳಾ?” ಎಂದಳು ಗಿರಿಜಾ. ಬೆಣ್ಣೆ ಹೋಗಿ ದನಿ ಒಣಗಿತ್ತು.

ಆಮೇಲೆ ಎಲ್ಲ ಹೊರಗೆ ಬಂತು. ರಾಗಿ ಇನ್ನೂ ಹರೆಯದಲ್ಲಿದ್ದಾಗ ಇದೇ ಕಾಯಿಲೆ ಬಂದಿತ್ತು. ಇದೇ ಬಿಳಿ ಒಸಡು, ಇದೇ ಡಿಕಾಕ್ಷನ್ ಮೂತ್ರ. ಬೀಚ್ ರೋಡಿಗೆ ವಾಕಿಂಗ್ ಬರುತ್ತಿದ್ದ ನೇವಿಯ ಒಬ್ಬ ನಿವೃತ್ತರ ಭಾರಿ ನಾಯಿಯಿಂದ ಎರಡು ಸಲ ರಕ್ತ ಹಾಕಿಸಿದ್ದರು. ಸೂಜಿ ಚುಚ್ಚುವಾಗ ಗಿರಿಜಾ ಅವಳ ಎಡಕ್ಕೆ ಕೂತು, ತಲೆಯನ್ನು ತೊಡೆಗೆ ಎಳೆದುಕೊಂಡು, ಸೆರಗು ಮುಚ್ಚಿ, “ಕೈ ಕೊಡು ಪುಟ್ಟಿ, ನೋಡಬೇಡ” ಎನ್ನುತ್ತಿದ್ದಳು. ವಾರಗಟ್ಟಲೆ ಹೀಗೇ ನಡೆದಿತ್ತು. ನಿಧಾನವಾಗಿ ಮಾತ್ರೆ ಇಳಿಸುತ್ತ ಇಳಿಸುತ್ತ ಒಂದು ವರ್ಷಕ್ಕೆ ಪೂರ್ತಿ ನಿಲ್ಲಿಸಿದ್ದರು. ಮತ್ತೆ ಬರಬಹುದು ಎಂದು ಡಾಕ್ಟರು ಹೇಳಿದ್ದರು, ಬಂದಿರಲಿಲ್ಲ.

“ಮತ್ತ ಜಲಜಾಗ ಯಾಕ ಹೇಳ್ಲಿಲ್ರಿ?”

“ನಮಗೆ ಬರ್ಹಾಂಪುರಕ್ಕೆ ಟ್ರಾನ್ಸ್‌ಫರ್ ಆಯ್ತು. ಅಲ್ಲಿ ಸಿಕ್ಕಿದ ಮನೇಲಿ ನಾಯಿ ಬೇಡ ಅಂದ್ರು. ಇಲ್ಲಿ ಇಬ್ಬರು ಒಪ್ಪಿದ್ರು ಕಣಮ್ಮ. ಕಾಯಿಲೆ ವಿಷಯ ಬಾಯಿ ಬಿಟ್ಟೆ ನೋಡು, ಇಬ್ಬರೂ ಜಾರಿಕೊಂಡ್ರು. ಮೂರನೆಯವಳು ಜಲಜಾ. ಅವಳಿಗೂ ಹೇಳಿದ್ದಿದ್ರೆ ನನ್ನ ಪುಟ್ಟಿ ಬೀದಿಗೆ ಬೀಳ್ತಿದ್ಲು. ಹೇಳ್ಲಿಲ್ಲ. ಯಜಮಾನ್ರು ಬೈದ್ರು, ಆದ್ರೂ ಹೇಳ್ಲಿಲ್ಲ.”

ಸಿಟ್ಟು ಬರಬೇಕಿತ್ತು, ಬರುವಷ್ಟು ಪುರಸೊತ್ತಿರಲಿಲ್ಲ. ಆದರೂ ಒಳಗೆ ಓಡುವಾಗ ತುಳಸಿಗೆ ಒಂದು ವಿಚಿತ್ರ ಹೊಳೆಯಿತು. ಗಿರಿಜಾ ನಿಜ ಹೇಳಿದ್ದರೆ ರಾಗಿ ಜಲಜಾಳ ಮಂಚದ ಕೆಳಗೆ ಕೂರುತ್ತಿರಲಿಲ್ಲ, ತನ್ನ ಮನೆಗೂ ಬರುತ್ತಿರಲಿಲ್ಲ. ಯಾವ ಸುಳ್ಳು ಇಷ್ಟು ವರ್ಷ ನಾಯಿಯನ್ನು ಬದುಕಿಸಿತ್ತೋ ಅದೇ ಸುಳ್ಳು ಇವತ್ತು ಅವಳನ್ನು ಕೊಲ್ಲುವುದರಲ್ಲಿತ್ತು. ಇದನ್ನು ತಪ್ಪೆನ್ನಬೇಕೋ ಸರಿಯೆನ್ನಬೇಕೋ?

ಸಾಯಿಕಿರಣ್ ಎಲ್ಲ ಕೇಳಿಕೊಂಡು ಗಡ್ಡ ಕೆರೆದ. “ಒಳ್ಳೇದಾಯ್ತು. ಎರಡಕ್ಕೂ ಒಳ್ಳೇದಾಯ್ತು. ರಕ್ತ ಹೊಂದುತ್ತಾ ನೋಡಿಯೇ ಕೊಡೋಣ. ಮತ್ತೆ, ಒಂದು ಸಲ ಈ ಔಷಧಿಗೆ ಬಗ್ಗಿದ ಮೈ, ಇನ್ನೊಂದು ಸಲ ಬಗ್ಗಬಹುದು.”

ಅಷ್ಟರಲ್ಲಿ ದಾನಿ ಬಂತು. ಟಿಫನ್ ಸೆಂಟರಿನ ದುರ್ಗಾಪ್ರಸಾದ್ ತನ್ನ ಲ್ಯಾಬ್ರಡಾರ್ ಕ್ಯಾಪ್ಟನ್‌ಗೆ ಸ್ನಾನ ಮಾಡಿಸಿ, ಪೌಡರು ಹಾಕಿ, ಮದುವೆ ಗಂಡಿನಂತೆ ಕರೆತಂದಿದ್ದ. ಊರಿನ ಎಷ್ಟೋ ನಾಯಿಗಳಿಗೆ ಕ್ಯಾಪ್ಟನ್ ರಕ್ತ ಕೊಟ್ಟವನು. ಸಾಯಿಕಿರಣ್ ರಾಗಿಯ ರಕ್ತದ ಮೇಲಿನ ತಿಳಿನೀರನ್ನು ತೆಗೆದು, ತೊಳೆದ ಕ್ಯಾಪ್ಟನ್‌ನ ಕೆಂಪು ಕಣಗಳಿಗೆ ಬೆರೆಸಿ ಕಾದ. ತುಳಸಿಯನ್ನೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಲು ಬಿಟ್ಟ. ಅಲ್ಲಿ ಕಂಡದ್ದು ದ್ರಾಕ್ಷಿ ಗೊಂಚಲು. ಕ್ಯಾಪ್ಟನ್‌ನ ಕಣಗಳೆಲ್ಲ ಗುಂಪು ಕಟ್ಟಿಕೊಂಡಿದ್ದವು.

“ಆಗಲ್ಲ,” ಎಂದ ಸಾಯಿಕಿರಣ್. “ಇದನ್ನು ಕೊಟ್ಟಿದ್ದರೆ...”

ದುರ್ಗಾಪ್ರಸಾದ್ ಕೆರಳಿದ. “ನಾ ಕ್ಯಾಪ್ಟನ್ ರಕ್ತಾನಿಕಿ ಏಮಯ್ಯಿಂದಿ ಸಾರ್? ಏನಾಗಿದೆ ಅದಕ್ಕೆ? ಇವನ ಅಪ್ಪ ಕೊಯಂಬತ್ತೂರಿನವನು! ಸರ್ಟಿಫಿಕೇಟ್ ಇದೆ!”

“ರಕ್ತದಲ್ಲಿ ದೋಷ ಇಲ್ಲಣ್ಣಾ. ಇವಳಿಗೆ ಹೊಂದಲ್ಲ ಅಷ್ಟೇ. ನಿಮ್ಮ ಹತ್ತಿರ ಇನ್ನೊಂದಿದೆಯಲ್ಲ?”

“ಯಾವುದು, ನಲ್ಲೋಡಾ?” ದುರ್ಗಾಪ್ರಸಾದನ ಮುಖ ಇನ್ನೂ ಇಳಿಯಿತು. ನಲ್ಲೋಡು ಅಂದರೆ ಕರಿಯ. ಕೃಷ್ಣೆಯ ದಂಡೆಯ ಬಾಳೆ ತೋಟದಲ್ಲಿ ಹಂದಿ ಓಡಿಸಲು ಇಟ್ಟುಕೊಂಡಿದ್ದ, ಕರುವಿನಷ್ಟೆತ್ತರದ ನಾಡು ನಾಯಿ. “ಅದಕ್ಕೆ ಅಪ್ಪ ಯಾರು ಅಂತಲೇ ಗೊತ್ತಿಲ್ಲ ಸಾರ್.”

“ನಮ್ಮ ರಾಗಿಗೂ ಗೊತ್ತಿಲ್ರಿ,” ಎಂದಳು ತುಳಸಿ. “ಕರೀರಿ ಅಣ್ಣಾ, ಪ್ಲೀಸ್.”

ನಲ್ಲೋಡಿಗೂ ಚುಚ್ಚುಮದ್ದು ಸರಿಯಾಗಿ ಆಗಿತ್ತು, ರೋಗವೇನೂ ಇರಲಿಲ್ಲ. ನಲ್ಲೋಡು ಬಾಳೆಗೊನೆ ಹೊರುವ ಆಟೋದಲ್ಲಿ, ಮೈತುಂಬ ಕೆಸರು, ಕಿವಿಯಲ್ಲಿ ಒಂದು ಒಣ ಎಲೆ ಸಿಕ್ಕಿಸಿಕೊಂಡು ಬಂದ. ಕ್ಯಾಪ್ಟನ್ ಮೂಗು ತಿರುವಿದ. ಮತ್ತೆ ಅದೇ ತಿಳಿನೀರು, ಅದೇ ಕಾಯುವಿಕೆ. ಈ ಸಲ ಗಾಜಿನ ಮೇಲೆ ನೋಡಿದರೆ ಕುಂಕುಮದ ನೀರಿನಂತೆ ನಯವಾಗಿ ಹರಡಿತ್ತು. ಒಂದು ಗರಣೆಯೂ ಇಲ್ಲ.

ದುರ್ಗಾಪ್ರಸಾದ್ ಕೊಟ್ಟ ಹೆಸರುಕಾಳಿನ ದೋಸೆ ಪೆಸರಟ್ಟನ್ನು ಮೆಲ್ಲುತ್ತ ನಲ್ಲೋಡು ರಕ್ತ ಕೊಟ್ಟ. ಸಂಜೆಯ ಹೊತ್ತಿಗೆ ರಾಗಿಯ ಒಸಡಿನಲ್ಲಿ ಬಣ್ಣ ಬಂತೆಂದು ಹೇಳಲಾಗದು, ಬಣ್ಣದ ಅನುಮಾನ ಬಂತು. ಊರಿನ ಇಂದ್ರಕೀಲಾದ್ರಿ ಬೆಟ್ಟದ ಗುಡಿಯಲ್ಲಿ ದೀಪ ಹತ್ತುವಾಗ ಅವಳು ತಲೆ ಎತ್ತಿ, ಲಿಂಗರಾಜುವಿನ ಕೈಯಲ್ಲಿ ಮಲಗಿದ್ದ ಸುಮುಖನ ಪಾದ ಮೂಸಿದಳು.

ಬದುಕಿಸುವುದು ಒಂದು ಕೆಲಸ, ಬದುಕಿಸಿದ ಮೇಲೆ ಸಂಭಾಳಿಸುವುದು ಹತ್ತು ಕೆಲಸ. ಕಾವಲುಗಾರರನ್ನು ಸುಮ್ಮನಾಗಿಸುವ ಮಾತ್ರೆಗಳು ರಾಗಿಯ ಹಸಿವನ್ನು ಕೆರಳಿಸಿದವು. ಮಾನವಂತೆಯಾಗಿದ್ದ ನಾಯಿ ಕಳ್ಳಿಯಾದಳು. ದೇವರ ಮುಂದಿಟ್ಟ ಕಾಯಿ ಹೋಳು ಮಾಯ. ಉಪ್ಪಿಟ್ಟಿನ ಬಾಣಲೆ ಮಾಯವಾಗಲಿಲ್ಲ, ಸೋಫಾದ ಹಿಂದೆ ಕನ್ನಡಿಯಂತೆ ಹೊಳೆಯುತ್ತ ಸಿಕ್ಕಿತು. ಕುಡಿದಷ್ಟೂ ನೀರಡಿಕೆ, ಕುಡಿದದ್ದೆಲ್ಲ ಪಡಸಾಲೆಯ ನಟ್ಟನಡುವೆ. ತುಳಸಿ ಹಳೆಯ ಟವೆಲುಗಳನ್ನೂ ಸುಮುಖನ ಹಾಸುಬಟ್ಟೆಗಳನ್ನೂ ಎರಡು ಹಗ್ಗಗಳ ಮೇಲೆ ಬೇರೆ ಬೇರೆ ಒಣಹಾಕಿದಳು. ನೋಡಿದವರಿಗೆ ಈ ಮನೆಯಲ್ಲಿ ಅವಳಿ ಮಕ್ಕಳಿವೆ ಅನ್ನಿಸಬೇಕು. ಪಕ್ಕದ ಮನೆಯಾಕೆ ಕೇಳಿಯೇಬಿಟ್ಟಳು, “ಇಂತ ಸೇವ ಎಂದುಕಮ್ಮಾ? ಇಷ್ಟೊಂದು ಸೇವೆ ಯಾಕೆ?” ತುಳಸಿಗೆ ನಗು ಬಂತು. ಕೊನೆಗೂ ಯಾರೋ ತನ್ನನ್ನು ಯಾಕೆ ಎಂದು ಕೇಳಿದ್ದರು.

ಮಾತ್ರೆಗಳಲ್ಲಿ ಒಂದರ ಬಗ್ಗೆ ಸಾಯಿಕಿರಣ್ ಎಚ್ಚರಿಸಿದ್ದ: “ನೀವು ಹಾಲು ಕುಡಿಸೋ ತಾಯಿ. ಇದನ್ನು ಮುಟ್ಟಬೇಡಿ, ಮುರಿಯಲೂ ಬೇಡಿ. ಸಾರ್ ಗ್ಲೌಸ್ ಹಾಕಿಕೊಂಡು ಕೊಡಲಿ. ಅವಳ ಮೂತ್ರ ಒರೆಸುವಾಗಲೂ ಗ್ಲೌಸ್. ಪಾಪುವನ್ನು ಆ ನೆಲದ ಮೇಲೆ ಬಿಡಬೇಡಿ.”

ಹೀಗೆ, ನಾಯಿಯ ತಲೆಯನ್ನು ಬೆರಳ ತುದಿಯಿಂದ ಮಾತ್ರ ತಟ್ಟುತ್ತಿದ್ದ ಲಿಂಗರಾಜು ದಿನಾ ಬ್ಯಾಂಕಿಗೆ ಹೋಗುವ ಮುನ್ನ ಟೈ ಕಟ್ಟಿ, ನೀಲಿ ಗ್ಲೌಸ್ ಹಾಕಿ ರಾಗಿಯ ಮುಂದೆ ಮಂಡಿಯೂರಬೇಕಾಯಿತು. ಮೊದಲ ದಿನ ಮಾತ್ರೆಯನ್ನು ಬೆಲ್ಲದಲ್ಲಿಟ್ಟ, ಅವಳು ಬೆಲ್ಲ ತಿಂದು ಮಾತ್ರೆ ಅವನ ಬೂಟಿನ ಮೇಲೆ ಉಗುಳಿದಳು. ಪೇಡಾದಲ್ಲಿಟ್ಟರೂ ಅದೇ ಕಥೆ. ತುಳಸಿ ಬಾಗಿಲಲ್ಲಿ ನಿಂತು ಸೂಚನೆ ಕೊಡುವಳು, “ಬಾಯಿ ಮ್ಯಾಲಕ್ಕೆತ್ರಿ. ಹಿಂದಕ್ಕ ಹಾಕ್ರಿ. ಹೆದರ್ಕೋಬ್ಯಾಡ್ರಿ, ಅಕಿ ನಿಮ್ಮ ರೀಜನಲ್ ಮ್ಯಾನೇಜರ್ ಅಲ್ಲ.”

“ಅವರಿಗೆ ಹಲ್ಲು ಇಷ್ಟು ಚೂಪಿಲ್ಲ,” ಎಂದ ಲಿಂಗರಾಜು.

ಕೊನೆಗೆ ಉಪಾಯ ಸಿಕ್ಕಿದ್ದು ಇಡ್ಲಿಯಲ್ಲಿ. ಮೊದಲು ಬರೀ ಚೂರು, ನಡುವೆ ಮಾತ್ರೆ ಅಡಗಿಸಿದ ಚೂರು, ಅದು ಗಂಟಲಿಳಿಯುವ ಮೊದಲೇ ಮೂರನೆಯ ಚೂರನ್ನು ಕಣ್ಣಿಗೆ ಕಾಣುವಂತೆ ಹಿಡಿಯುವುದು. ಮುಂದಿನ ಚೂರಿನ ಆಸೆಗೆ ಇದು ಒಳಗೆ. ಈ ಶೋಧನೆಯನ್ನು ಅವನು ಬ್ಯಾಂಕಿನಲ್ಲೆಲ್ಲ ಹೇಳಿಕೊಂಡು ಬಂದ. ಇತ್ತ ದಿನಾ ಬೆಳಿಗ್ಗೆ ರಾಗಿಯ ತುಟಿ ಎತ್ತಿ ನೋಡುವುದು ಧನ್ಯಾಳ ಅಧಿಕಾರ. “ಒಸಡು ಗುಲಾಬಿ!” ಎಂದು ಕನ್ನಡದಲ್ಲೇ ಕೂಗುತ್ತಿದ್ದಳು, ನಾಯಿಗೂ ತಿಳಿಯಲೆಂದು. ಒಂದೆರಡು ದಿನ “ಒಸಡು ಅಷ್ಟೊಂದು ಗುಲಾಬಿ ಇಲ್ಲ” ಎಂದಾಗ ಮನೆಯಲ್ಲಿ ಯಾರಿಗೂ ತಿಂಡಿ ಸೇರಲಿಲ್ಲ.

ಗಿರಿಜಾ ದಿನಾ ಸಂದೇಶ ಕಳಿಸುತ್ತಿದ್ದಳು, ಮಾತಿಲ್ಲದೆ, ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ತುಳಸಿ ಒಸಡಿನ ಫೋಟೊ ಕಳಿಸುತ್ತಿದ್ದಳು. ಮಳೆಗಾಲ ಹಿಡಿದ ಮೇಲೆ, ಮಾತ್ರೆಯ ಪ್ರಮಾಣ ಮೊದಲ ಸಲ ಇಳಿಸಿದ ಮರುವಾರ, ಗಿರಿಜಾ ವೈಜಾಗಿನಿಂದ ಬೆಳಗಿನ ರೈಲು ಹತ್ತಿ ತಾನೇ ಬಂದಳು. ತೆಳ್ಳಗೆ, ಕಾಟನ್ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಹೊಸ್ತಿಲ ಆಚೆಯೇ ನಿಂತಳು.

“ಒಳಗ ಬರ್ರಿ ಅಕ್ಕಾರ.”

“ಬೈಯೋದಿದ್ರೆ ಇಲ್ಲೇ ಬೈದುಬಿಡಮ್ಮ. ಕಾಫಿ ಕುಡಿದ ಮೇಲೆ ಬೈಸಿಕೊಳ್ಳೋಕೆ ಕಷ್ಟ.”

“ಬೈಬೇಕಂತ ಅನ್ಕೊಂಡಿದ್ದೆ. ನಮ್ಮ ವಾಷಿಂಗ್ ಮಶೀನು ನೆನಪಾತು, ಸುಮ್ನಾದೆ.”

ಹಳೆಯ ಒಡತಿಯನ್ನು ಕಂಡು ರಾಗಿ ಏನು ಮಾಡುತ್ತಾಳೆಂದು ತುಳಸಿಗೆ ವಾರದಿಂದ ಕುತೂಹಲ. ಗುರುತು ಹಿಡಿಯುತ್ತಾಳೋ, ಮರೆತಿದ್ದಾಳೋ, ಮುನಿಸಿಕೊಂಡಿದ್ದಾಳೋ? ರಾಗಿ ಎದ್ದಳು. ಮಾತ್ರೆಗಳಿಂದ ಹೊಟ್ಟೆ ಉಬ್ಬಿ ಕಾಲು ಸಣ್ಣಗಾಗಿ ಮೇಜಿನಂತಾಗಿದ್ದಳು. ಗಿರಿಜಾಳ ಕಣ್ಣು ತುಂಬಿತು. ರಾಗಿ ಅವಳ ಪಾದವನ್ನು ಅರೆಕ್ಷಣ ಮೂಸಿ, ನೇರವಾಗಿ ಬಟ್ಟೆಯ ಚೀಲಕ್ಕೆ ಬಾಯಿ ಹಾಕಿ ಪೂತರೇಕುಲು ಸಿಹಿಯ ಪೊಟ್ಟಣ ಎಳೆದುಕೊಂಡು ಸೋಫಾದ ಹಿಂದೆ ಹೋದಳು.

“ಅಷ್ಟೇನಾ?” ಎಂದಳು ಗಿರಿಜಾ, ಅಳುವುದೋ ನಗುವುದೋ ತಿಳಿಯದೆ. “ಇಷ್ಟು ವರ್ಷ ನೆನೆಸ್ಕೊಂಡಿದ್ದು ಇದಕ್ಕೇನಾ?”

“ಮಾತ್ರೆ ಹಸಿವು ಅಕ್ಕಾರ. ಮನಸ್ಸಿಗೆ ಹಚ್ಕೋಬ್ಯಾಡ್ರಿ.”

ಅಂದು ರಕ್ತ ಪರೀಕ್ಷೆಯ ಸರದಿ. ಪ್ರಮಾಣ ಇಳಿಸಿದ್ದನ್ನು ಮೈ ತಡೆದಿದೆಯೋ, ಕಾವಲುಗಾರರು ಮತ್ತೆ ಎದ್ದಿದ್ದಾರೋ ಇವತ್ತು ಗೊತ್ತಾಗಬೇಕು. ಗಿರಿಜಾ ಹಿಂದಿನ ಸೀಟಿನಲ್ಲಿ ರಾಗಿ ಮತ್ತು ಧನ್ಯಾಳ ಪಕ್ಕ ಕೂತಳು. ದಾರಿಯಲ್ಲಿ ತುಳಸಿ, ಎಷ್ಟೋ ದಿನದಿಂದ ಉಳಿದಿದ್ದ ಪ್ರಶ್ನೆ ಕೇಳಿದಳು.

“ಇವರಿಗೆ ಮತ್ತ ಟ್ರಾನ್ಸ್‌ಫರ್ ಬಂದು, ಅಲ್ಲಿ ಮನಿ ಸಿಗದ, ಇಕಿನ್ನ ಯಾರಿಗಾದರೂ ಕೊಡೂ ಹೊತ್ತು ಬಂತು ಅನ್ರಿ. ನಾ ಏನು ಹೇಳ್ಲಿ?”

“ಎಲ್ಲ ಹೇಳು.”

“ಹೇಳಿದ್ರ ಯಾರೂ ತಗೊಳ್ಳಂಗಿಲ್ಲಲ್ರಿ?”

“ಅದಕ್ಕೇ ಹೇಳು ಅಂದಿದ್ದು,” ಎಂದಳು ಗಿರಿಜಾ. “ಯಾರೂ ತಗೊಳ್ಳಲ್ಲ. ಆಗ ನೀನೇ ಇಟ್ಕೋಬೇಕಾಗುತ್ತೆ. ನಾನು ಹೇಳದೇ ಹೋದದ್ದರಿಂದ ಕೊಡೋದು ಸುಲಭವಾಗಿಬಿಡ್ತು ನೋಡು, ಅದೇ ನನ್ನನ್ನ ಸುಟ್ಟಿದ್ದು.”

ಲಿಂಗರಾಜು ಸ್ಟೀರಿಂಗ್ ಹಿಡಿದವನು ಕನ್ನಡಿಯಲ್ಲಿ ನೋಡಿದ. “ಮನಿ ಸಿಗದ ಏನು? ಗ್ರೌಂಡ್ ಫ್ಲೋರ್ ಹುಡುಕೂದು. ಮೆಟ್ಲ ಅಕಿಗೆ ಆಗಂಗಿಲ್ಲ,” ಎಂದ. ಹೆಂಡತಿ ತಿರುಗಿ ನೋಡಿದಳು. ಆ ವಿಷಯವನ್ನು ಅವನು ಯಾವಾಗ ತೀರ್ಮಾನ ಮಾಡಿದ್ದನೋ ಅವಳಿಗೆ ಗೊತ್ತೇ ಆಗಿರಲಿಲ್ಲ.

ಮೇಜಿನ ಮೇಲೆ ರಾಗಿಯನ್ನು ಎತ್ತಿ ಮಲಗಿಸಿದರು. ಸಾಯಿಕಿರಣ್ ಯಂತ್ರ ಹಚ್ಚಿದ. ಎಂದಿನಂತೆ ಬಲ ಮುಂಗಾಲು ಮುಂದೆ ಬಂತು, ಎಂದಿನಂತೆ ಮುಖ ಎಡಕ್ಕೆ ತಿರುಗಿತು. ಇಷ್ಟು ದಿನ ಆ ಮೂಗಿಗೆ ಸಿಗುತ್ತಿದ್ದದ್ದು ಗಾಳಿ, ಇಲ್ಲವೆ ತುಳಸಿಯ ಮೊಣಕೈ. ತುಳಸಿ ಹಿಂದೆ ಸರಿದು ಸ್ಟೂಲನ್ನು ಎಡಕ್ಕೆ ತಳ್ಳಿದಳು. ಗಿರಿಜಾ ಕೂತಳು.

“ಕೈ ಕೊಡು ಪುಟ್ಟಿ. ನೋಡಬೇಡ.”

ರಾಗಿಯ ಮೂಗು ಕಾಟನ್ ಸೀರೆಗೆ ತಗಲಿತು. ಒಮ್ಮೆ ನಿಂತಿತು. ಆಮೇಲೆ ಇಡೀ ತಲೆ, ಇಷ್ಟು ವರ್ಷಗಳ ಭಾರವನ್ನೆಲ್ಲ ಒಂದೇ ಸಲಕ್ಕೆ ಇಳಿಸುವಂತೆ, ಆ ಮಡಿಲಿಗೆ ಬಿತ್ತು. ಗಿರಿಜಾ ಸೆರಗು ಮುಚ್ಚಿದಳು. ಮೇಜಿನ ಆ ತುದಿಯಲ್ಲಿ ಬಾಲ ಟಪ್ ಟಪ್ ಎಂದು ಬಡಿಯುತ್ತಿತ್ತು.

ಸಾಯಿಕಿರಣ್ ರಕ್ತ ತೆಗೆದು ಒಳಗೆ ಹೋದ. ಗಾಜಿನ ಪಟ್ಟಿ ಹಿಡಿದು ಬಂದಾಗ ತುಳಸಿ ಅವನ ಮುಖ ನೋಡಲಿಲ್ಲ, ಪಟ್ಟಿಯನ್ನೇ ಬೆಳಕಿಗೆ ಹಿಡಿಯಲು ಹೇಳಿದಳು. ಕುಂಕುಮದ ನೀರು. ನಯವಾಗಿ, ಅಂಚಿನವರೆಗೆ.

“ತಡೆದಿದ್ದಾಳೆ,” ಎಂದ ಸಾಯಿಕಿರಣ್.

“ಎಂದುಕು?” ಎಂದಳು ತುಳಸಿ, ಅಭ್ಯಾಸಬಲದಿಂದ.

“ಗೊತ್ತಿಲ್ಲ ಮೇಡಂ,” ಎಂದು ಅವನು ನಕ್ಕ. ಧನ್ಯಾ ಅಷ್ಟರಲ್ಲಿ ಸೆರಗಿನ ತುದಿ ಎತ್ತಿ, ಒಳಗೆ ಬಗ್ಗಿ, ರಾಗಿಯ ಕಿವಿಯಲ್ಲಿ ಗುಟ್ಟಾಗಿ ಕನ್ನಡದಲ್ಲಿ ಹೇಳುತ್ತಿದ್ದಳು: ಮುಗೀತು, ಈಗ ನೋಡಬಹುದು.